ಅಲಸಂಡೆಯ ಹೇನಿಗೆ ವಿಷದ ಬಾಟ್ಲಿ ಬೇಡ



ಮಳೆಗಾಲ ಕಳೆದು ಗದ್ದೆಯ ಕೊಯ್ಲು ಮುಗಿದ ಮೇಲೆ ನಮ್ಮ ಕಾಸರಗೋಡಿನ ಬೈಲುಗಳಲ್ಲಿ ತರಕಾರಿಯ ಸಾಲುಗಳು ಏಳುತ್ತವೆ. ದಶಂಬರದ ಇಬ್ಬನಿ ಬಿದ್ದು ಒಣ ಹವೆ ಆರಂಭವಾಗುತ್ತಲೇ ಅಲಸಂಡೆಯ ಕುಡಿಗೆ, ಹೂವಿನ ತೊಟ್ಟಿಗೆ, ಎಳೆ ಕಾಯಿಗೆ ಕಪ್ಪು ಹೇನು ಮುತ್ತುತ್ತದೆ. ಕಂಡ ಮರುದಿನವೇ ಪೇಟೆಗೆ ಹೋಗಿ, ಅಂಗಡಿಯವರು ಕೊಟ್ಟ ವಿಷವನ್ನು ತಂದು ಸಿಂಪಡಿಸುವ ರೂಢಿ ನಮ್ಮ ಅನೇಕ ಮನೆಗಳಲ್ಲಿದೆ. ಮನೆಯವರು ಉಣ್ಣುವ ತರಕಾರಿಗೆ ಇದು ಬೇಡವೇ ಬೇಡ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳಿವೆ, ಬೇರೆ ದಾರಿಯೂ ಇದೆ.

ಮೊದಲನೆಯ ಕಾರಣ ಅಲಸಂಡೆಯ ಸ್ವಭಾವದಲ್ಲಿಯೇ ಇದೆ. ಭತ್ತವನ್ನು ಒಮ್ಮೆ ಕೊಯ್ಯುತ್ತೇವೆ. ಅಲಸಂಡೆಯನ್ನು ಎರಡು ಮೂರು ದಿನಗಳಿಗೊಮ್ಮೆ ಕೊಯ್ಯಲೇಬೇಕು, ಇಲ್ಲವಾದರೆ ಕಾಯಿ ಬಲಿತು ನಾರಾಗುತ್ತದೆ. ವಿಷ ಸಿಂಪಡಿಸಿದ ಮೇಲೆ ಕೊಯ್ಲಿಗೆ ಇಂತಿಷ್ಟು ದಿನ ಕಾಯಬೇಕೆಂಬ ನಿಯಮವಿದೆ. ಆದರೆ ಕಾಯುವವರು ಯಾರು? ಸೋಮವಾರ ಸಿಂಪಡಿಸಿದ ಬಳ್ಳಿಯ ಕಾಯಿ ಬುಧವಾರ ಪಲ್ಯವಾಗುತ್ತದೆ. ಚಪ್ಪರದ ಕೆಳಗೆ ಆಡುವ ಮಕ್ಕಳು ಎಳೆ ಕಾಯಿಯನ್ನು ಹಸಿಯಾಗಿಯೇ ತಿನ್ನುತ್ತಾರೆ. ಮೊನೊಕ್ರೊಟೊಫಾಸ್ ಎಂಬ ವಿಷವನ್ನು ತರಕಾರಿಗೆ ಬಳಸಕೂಡದೆಂದು ಕೇಂದ್ರ ಸರಕಾರವು 2005ರಲ್ಲಿಯೇ ಆಜ್ಞೆ ಮಾಡಿತು. ಗಿಡದ ರಸದೊಳಗೆ ಇಳಿಯುವ ಇಂಥ ವಿಷವು ಕಾಯಿಯನ್ನು ತೊಳೆದರೆ ಹೋಗುವುದಿಲ್ಲ.

ಎರಡನೆಯ ಕಾರಣವನ್ನು ನಮ್ಮ ಜಿಲ್ಲೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಗೇರುಮರದ ಟೀ ಸೊಳ್ಳೆ ಎಂಬ ಸಣ್ಣ ಕೀಟವನ್ನು ಕೊಲ್ಲಲು ಇಲ್ಲಿನ ಗುಡ್ಡಗಳ ಮೇಲೆ ಸುಮಾರು ಎರಡು ದಶಕಗಳ ಕಾಲ, 2000ದ ವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಗುಡ್ಡದ ಕೆಳಗೆ ಬಾವಿಗಳಿದ್ದವು, ಸುರಂಗಗಳಿದ್ದವು, ಮನೆಗಳಿದ್ದವು. ಎಣ್ಮಕಜೆ ಪಂಚಾಯತಿನ ಪಡ್ರೆಯ ಹೆಸರು ದೇಶಕ್ಕೆಲ್ಲ ತಿಳಿದದ್ದು ಅಲ್ಲಿನ ಮಕ್ಕಳ ಸಂಕಟದಿಂದ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಾದ್ಯಂತ ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಆಜ್ಞಾಪಿಸಿತು. ಆಕಾಶದಿಂದ ಸುರಿದ ವಿಷವನ್ನು ವಿರೋಧಿಸಿದ ನಾವು ಹೆಗಲ ಮೇಲಿನ ಪಂಪಿನಿಂದ ನಮ್ಮದೇ ಬಾವಿಕಟ್ಟೆಯ ಬಳಿ ವಿಷ ಬಿಡುವುದು ಸರಿಯೇ? ಪ್ರಮಾಣ ಬೇರೆ ಇರಬಹುದು. ಆದರೆ ‘ಹುಳ ಚಿಕ್ಕದು, ಮದ್ದು ದೊಡ್ಡದಿರಲಿ’ ಎಂಬ ಯೋಚನೆ ಒಂದೇ.

ಮೂರನೆಯ ಕಾರಣ, ವಿಷದಿಂದ ಹೇನು ಹೋದರೂ ಬಹಳ ಬೇಗ ಮರಳಿ ಬರುತ್ತದೆ. ಹೆಣ್ಣು ಹೇನಿಗೆ ಗಂಡಿನ ಅಗತ್ಯವಿಲ್ಲ. ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುತ್ತದೆ. ಆ ಮರಿ ಸುಮಾರು ಒಂದು ವಾರದಲ್ಲಿ ತಾನೇ ತಾಯಾಗುತ್ತದೆ. ಆದರೆ ಹೇನನ್ನು ತಿನ್ನುವ ಗುಲಗಂಜಿ ಹುಳ ಮೊಟ್ಟೆಯಿಂದ ದೊಡ್ಡದಾಗಲು ಎರಡು ಮೂರು ವಾರ ಬೇಕು. ವಿಷವು ಇಬ್ಬರನ್ನೂ ಕೊಲ್ಲುತ್ತದೆ. ಮೊದಲು ಮರಳಿ ಬರುವುದು ಹೇನು. ಆಗ ತಿನ್ನುವವರೇ ಇರುವುದಿಲ್ಲ. ಪುನಃ ಪಂಪು ಹೆಗಲಿಗೇರುತ್ತದೆ.

ಈ ಮಿತ್ರರನ್ನು ಗುರುತಿಸಲು ಮಕ್ಕಳಿಗೂ ಕಲಿಸಿರಿ. ಕೆಂಪು ಬಣ್ಣದ, ಕಪ್ಪು ಗುರುತಿನ ಗುಲಗಂಜಿ ಹುಳವನ್ನು ಎಲ್ಲರೂ ಬಲ್ಲರು. ಅದರ ಮರಿ ಮಾತ್ರ ಸಣ್ಣ ಮೊಸಳೆಯಂತೆ ಉದ್ದಕ್ಕೆ, ಬೂದು ಬಣ್ಣಕ್ಕಿದ್ದು, ಮೈಮೇಲೆ ಮಾಸಲು ಹಳದಿ ಗುರುತುಗಳಿರುತ್ತವೆ. ಇದೇ ಕೀಟವೆಂದು ತಿಳಿದು ಎಷ್ಟೋ ಮಂದಿ ಹೊಸಕಿ ಹಾಕುತ್ತಾರೆ. ವಾಸ್ತವದಲ್ಲಿ ಒಂದು ಮರಿ ಬೆಳೆಯುವಷ್ಟರಲ್ಲಿ ನೂರಾರು ಹೇನುಗಳನ್ನು ತಿನ್ನುತ್ತದೆ. ಗುಂಪಿನ ನಡುವೆ ಕೆಲವು ಹೇನುಗಳು ಉಬ್ಬಿ, ಕಂದು ಬಣ್ಣಕ್ಕೆ ತಿರುಗಿ, ಅಲುಗಾಡದೆ ಇದ್ದರೆ ಸಂತೋಷಪಡಿರಿ. ಅತಿ ಸಣ್ಣ ಕಣಜವೊಂದು ಅವುಗಳೊಳಗೆ ಮೊಟ್ಟೆಯಿಟ್ಟಿದೆ ಎಂದರ್ಥ.

ಇನ್ನು ಮಾಡಬೇಕಾದುದೇನು?

ವಾರಕ್ಕೆ ಎರಡು ಬಾರಿಯಾದರೂ ಎಲೆಯ ಅಡಿಭಾಗವನ್ನೂ ಕುಡಿಯನ್ನೂ ನೋಡಿರಿ. ಇರುವೆಗಳ ಸಾಲು ಬಳ್ಳಿ ಏರುತ್ತಿದ್ದರೆ ಹೇನು ಬಂದಿದೆಯೆಂದೇ ತಿಳಿಯಿರಿ. ಹೇನು ಸುರಿಸುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಹಸು ಸಾಕಿದಂತೆ ಸಾಕುತ್ತವೆ, ಗುಲಗಂಜಿ ಹುಳವನ್ನು ಓಡಿಸುತ್ತವೆ. ಬುಡದಲ್ಲಿ ಇರುವೆಗೂಡಿದ್ದರೆ ಕೆದಕಿ ನೀರು ಹಾಯಿಸಿರಿ.

ಒಂದೆರಡು ಕುಡಿಗಳಲ್ಲಿ ಮಾತ್ರ ಹೇನಿದ್ದರೆ ಚಿವುಟಿ ಸಾಬೂನು ನೀರಿಗೆ ಹಾಕಿದರೆ ಸಾಕು. ಹೆಚ್ಚಿದ್ದರೆ ಬೆಳಿಗ್ಗೆ ಪೈಪಿನ ನೀರನ್ನು ರಭಸವಾಗಿ ಹಾಯಿಸಿರಿ. ಕೆಳಗೆ ಬಿದ್ದ ಹೇನುಗಳಲ್ಲಿ ಹೆಚ್ಚಿನವು ಮರಳಿ ಹತ್ತಲಾರವು. ನಮ್ಮ ಹಿರಿಯರು ಇಬ್ಬನಿ ಆರುವ ಮೊದಲು ಒಲೆಯ ಬೂದಿ ಎರಚುತ್ತಿದ್ದುದೂ ಒಳ್ಳೆಯ ಕ್ರಮವೇ.

ಇಷ್ಟಕ್ಕೂ ಬಗ್ಗದಿದ್ದರೆ ಬೇವಿನೆಣ್ಣೆ-ಬೆಳ್ಳುಳ್ಳಿ ಮಿಶ್ರಣ ಮಾಡಿರಿ. ಒಂದು ಲೀಟರ್ ನೀರಿಗೆ 20 ಮಿಲಿಲೀಟರ್ ಬೇವಿನೆಣ್ಣೆ, 20 ಗ್ರಾಂ ಬೆಳ್ಳುಳ್ಳಿ, 5 ಗ್ರಾಂ ಬಾರ್ ಸೋಪು. ಸೋಪನ್ನು ಸ್ವಲ್ಪ ಬೆಚ್ಚಗಿನ ನೀರಿನಲ್ಲಿ ಕರಗಿಸಿ, ಎಣ್ಣೆಯನ್ನು ಸೇರಿಸಿ ಚೆನ್ನಾಗಿ ಕದಡಿರಿ. ಅರೆದ ಬೆಳ್ಳುಳ್ಳಿಯ ರಸವನ್ನು ಸೋಸಿ ಹಾಕಿ, ಉಳಿದ ನೀರು ಸೇರಿಸಿರಿ. ಮೊದಲು ನಾಲ್ಕೈದು ಎಲೆಗಳಿಗೆ ಹಾಕಿ, ಮರುದಿನ ಎಲೆ ಸುಡದಿದ್ದರೆ ಮಾತ್ರ ಎಲ್ಲ ಬಳ್ಳಿಗೂ ಸಾಯಂಕಾಲ ಸಿಂಪಡಿಸಿರಿ. ಇದು ಮೈಗೆ ತಾಗಿದರೆ ಮಾತ್ರ ಹೇನು ಸಾಯುವುದರಿಂದ ಎಲೆಯ ಅಡಿಗೆ ಬೀಳಬೇಕು. ಅಂದಂದು ಮಾಡಿದ್ದನ್ನು ಅಂದಂದೇ ಮುಗಿಸಿರಿ.

ಯೂರಿಯಾ ಮಿತಿಮೀರಿ ಕೊಟ್ಟ ಬಳ್ಳಿ ಕಡುಹಸಿರಾಗಿ, ಮೆದುವಾಗಿ ಹೇನನ್ನು ತಾನೇ ಕರೆಯುತ್ತದೆ ಎಂಬುದೂ ನೆನಪಿರಲಿ. ಹಟ್ಟಿಗೊಬ್ಬರ, ಸುಡುಮಣ್ಣು ಹಾಕಿದವರಿಗೆ ಈ ಕಾಟ ಕಡಿಮೆ.

ಹೊಗೆಸೊಪ್ಪಿನ ಕಷಾಯ ಆಗದೇ ಎಂದು ಕೆಲವರು ಕೇಳುತ್ತಾರೆ. ಗಿಡದಿಂದ ಬಂದದ್ದೆಲ್ಲ ಸಾಧುವಲ್ಲ. ಹೊಗೆಸೊಪ್ಪಿನ ನಿಕೋಟಿನ್ ತೀವ್ರ ವಿಷ, ಚರ್ಮದ ಮೂಲಕವೂ ಒಳಗಿಳಿಯುತ್ತದೆ. ಮಿತ್ರ ಕೀಟಗಳನ್ನೂ ಕೊಲ್ಲುತ್ತದೆ. ಮಕ್ಕಳಿರುವ ಮನೆಯ ಹಿತ್ತಿಲಿಗೆ ಅದನ್ನು ನಾನು ಹೇಳಲಾರೆ.

ಪೇಟೆಗೆ ಮಾರುವವರ ಕಷ್ಟ ಬೇರೆ. ಹೇನು ಹತ್ತಿದ ಅಲಸಂಡೆಯ ಕಟ್ಟನ್ನು ಯಾರೂ ಕೊಳ್ಳುವುದಿಲ್ಲ, ಒಂದು ವಾರದ ನಷ್ಟವೂ ಬಡ ಕುಟುಂಬಕ್ಕೆ ಭಾರವೇ. ಅವರಿಗೂ ನನ್ನ ವಿನಂತಿ ಇಷ್ಟೇ: ಹೇನು ಹತ್ತು ಬಳ್ಳಿಗಳಲ್ಲಿರುವಾಗಲೇ ಕೆಲಸ ಆರಂಭಿಸಿರಿ, ನೂರಕ್ಕೆ ಹಬ್ಬುವ ತನಕ ಕಾಯಬೇಡಿರಿ. ಎಲೆ ಮುರುಟಿ ಹಳದಿ ಮಚ್ಚೆಯಾದ ಬಳ್ಳಿಯನ್ನು ಕಿತ್ತು ಸುಡಿರಿ. ಅದು ಹೇನು ಹರಡಿದ ವೈರಸ್ ರೋಗ, ಯಾವ ಮದ್ದಿಗೂ ವಾಸಿಯಾಗದು. ಸಂಶಯವಿದ್ದಲ್ಲಿ ಅಂಗಡಿಯವರನ್ನಲ್ಲ, ಪಂಚಾಯತಿನ ಕೃಷಿ ಭವನದವರನ್ನು ಕೇಳಿರಿ.

ಕೊಳ್ಳುವವರಿಗೂ ಒಂದು ಮಾತು. ಒಂದೆರಡು ಹೇನು ಕಂಡ ಕೂಡಲೇ ಕಟ್ಟನ್ನು ಬದಿಗೆ ಸರಿಸಬೇಡಿರಿ. ಉಪ್ಪುನೀರಿನಲ್ಲಿ ತೊಳೆದರೆ ಹೇನು ಹೋಗುತ್ತದೆ. ಮಿರಿಮಿರಿ ಹೊಳೆಯುವ ಕಾಯಿಯನ್ನೇ ನಾವು ಕೇಳುತ್ತಿರುವ ತನಕ, ಬೆಳೆಯುವವರು ಬಾಟ್ಲಿಯನ್ನು ಕೆಳಗಿಡಲಾರರು.