ಕರಿಮರಳು ಕಲಿಸುವ ಪಾಠ

ವಿಕಿರಣವೆಂದರೆ ಕೆಲವರಿಗೆ ಎದೆ ನಡುಗುತ್ತದೆ. ಇನ್ನು ಕೆಲವರಿಗೆ ಅದು ಲೆಕ್ಕಕ್ಕೇ ಇಲ್ಲ. ಎರಡೂ ಸರಿಯಲ್ಲವೆಂಬುದನ್ನು ನಮ್ಮ ರಾಜ್ಯದ ಕೊಲ್ಲಂ ಕರಾವಳಿಯನ್ನು ನೋಡಿ ತಿಳಿಯಬಹುದು.

ಚವರ, ನೀಂಡಕರ ಕಡೆಯ ಕರಿಮರಳಿನಲ್ಲಿ ಥೋರಿಯಂ ಇರುವ ಮೊನಜೈಟ್ ಖನಿಜವಿದೆ. ಅಲ್ಲಿಯ ಜನ ತಲೆತಲಾಂತರದಿಂದ ವಿಕಿರಣದ ನಡುವೆಯೇ ಬಾಳುತ್ತ ಬಂದಿದ್ದಾರೆ. ಅದರ ಪ್ರಮಾಣ ಎಲ್ಲ ಕಡೆ ಒಂದೇ ಅಲ್ಲ. ಕೆಲವೆಡೆ ವರ್ಷಕ್ಕೆ 45 ಮಿಲಿಗ್ರೇವರೆಗೂ ಅಳೆಯಲಾಗಿದೆ.

ಜೀವಕೋಶದ ವರ್ಣತಂತುವಿನ ತುದಿಗೆ ಟೆಲೊಮಿಯರ್ ಎಂದು ಹೆಸರು. ಹಗ್ಗದ ಎಳೆ ಬಿಚ್ಚದಂತೆ ತುದಿಗೆ ಹಾಕಿದ ಗಂಟಿನಂತೆ ಅದರ ಕೆಲಸ. ಕೋಶ ಒಡೆದು ಎರಡಾದಾಗಲೆಲ್ಲ ಅದು ತುಸು ಸವೆಯುತ್ತದೆ. ಎಲುಬಿನ ಮಜ್ಜೆಯಲ್ಲಿದ್ದು ಆಯುಷ್ಯವಿಡೀ ರಕ್ತ ಹುಟ್ಟಿಸುವ ಆಕರಕೋಶಗಳಲ್ಲಿ, ಅಂದರೆ ಸ್ಟೆಮ್ ಸೆಲ್‌ಗಳಲ್ಲಿ, ಟೆಲೊಮರೇಸ್ ಎಂಬ ಕಿಣ್ವ ಈ ಸವೆತವನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಪ್ರಬಲ ವಿಕಿರಣ ತಾಗಿ ಆ ತುದಿಯೇ ತುಂಡಾದರೆ ದುರಸ್ತಿ ಕಷ್ಟ. ಕೋಶ ಒಡೆಯುವುದನ್ನೇ ನಿಲ್ಲಿಸಬಹುದು; ಇಲ್ಲವೆ ವರ್ಣತಂತುಗಳು ತಪ್ಪಾಗಿ ಬೆಸೆದು ರೋಗಕ್ಕೆ ದಾರಿಯಾಗಬಹುದು.

ಹಾಗಾದರೆ ಕೊಲ್ಲಂ ಕರಾವಳಿಯವರಲ್ಲಿ ಸವೆತ ಹೆಚ್ಚಿರಬೇಕಲ್ಲವೆ? ಭಾಭಾ ಪರಮಾಣು ಸಂಶೋಧನ ಕೇಂದ್ರದ ವಿಜ್ಞಾನಿಗಳು ವಯಸ್ಕರ ರಕ್ತವನ್ನೂ ನವಜಾತ ಶಿಶುಗಳ ಹೊಕ್ಕುಳಬಳ್ಳಿಯ ರಕ್ತವನ್ನೂ ಪರೀಕ್ಷಿಸಿದರು. 2009 ಮತ್ತು 2012ರಲ್ಲಿ ಪ್ರಕಟವಾದ ಫಲಿತಾಂಶಗಳಲ್ಲಿ ಅಂಥ ಕುರುಹು ಕಾಣಲಿಲ್ಲ.

ಇದನ್ನೇ ಹಿಡಿದು ‘ವಿಕಿರಣದಿಂದ ಏನೂ ಆಗದು’ ಎಂದು ಸಾರುವುದು ದುಡುಕು. ಅಲ್ಲಿ ಅಳೆದದ್ದು ರಕ್ತದ ಕೋಶಗಳನ್ನು; ಆಕರಕೋಶಗಳನ್ನೇ ಬೇರ್ಪಡಿಸಿ ಅಲ್ಲ. ಮೇಲಾಗಿ ಅದು ವರ್ಷವಿಡೀ ಹನಿಹನಿಯಾಗಿ ಬೀಳುವ ವಿಕಿರಣ. ಜನ ‘ಕರೆಂಟು ಕೊಡುವುದು’ ಎನ್ನುವ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಗಡ್ಡೆಗೆ ಸಾಮಾನ್ಯವಾಗಿ ಒಂದೇ ದಿನ ಸುಮಾರು 2000 ಮಿಲಿಗ್ರೇ ಕೊಡುತ್ತಾರೆ. ಸೋನೆಮಳೆಗೂ ನೆರೆಗೂ ಇರುವ ಅಂತರವಿದು. ಗಡ್ಡೆಯ ಕೋಶಗಳನ್ನು ಕೊಲ್ಲಲೆಂದೇ ಅಷ್ಟು ಕೊಡುವುದು. ಅಕ್ಕಪಕ್ಕದ ಅಂಗಗಳಿಗೆ ಆದಷ್ಟು ಕಡಿಮೆ ತಾಗುವಂತೆ ವೈದ್ಯರು ಲೆಕ್ಕ ಹಾಕಿರುತ್ತಾರೆ. ಹೆದರಿ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದು ಅಪಾಯ. ವೈದ್ಯರು ಬೇಡವೆಂದರೂ ಮಗುವಿಗೆ ಸಿ.ಟಿ. ಸ್ಕ್ಯಾನ್ ಮಾಡಿಸಿಯೇ ತೀರಬೇಕೆಂದು ಹಠ ಹಿಡಿಯುವುದೂ ಸಲ್ಲದು.

ಎಷ್ಟು ಪ್ರಮಾಣ, ಯಾತಕ್ಕಾಗಿ ಎಂಬ ಎರಡು ಪ್ರಶ್ನೆಗಳನ್ನು ಕೇಳುವ ಹಕ್ಕು ಪ್ರತಿಯೊಬ್ಬ ರೋಗಿಗೂ ಇದೆ. ಗಡಿನಾಡಿನ ಕನ್ನಡಿಗನಿಗೆ ಅದರ ಉತ್ತರ ಕನ್ನಡದಲ್ಲಿ ಸಿಗಬೇಕು. ಓದಲು ಬಾರದ ಭಾಷೆಯ ಕಾಗದಕ್ಕೆ ರುಜು ಹಾಕಿಸಿಕೊಂಡರೆ ಅದು ಒಪ್ಪಿಗೆಯಾಗದು. ಆರೋಗ್ಯ ಇಲಾಖೆ ಇದನ್ನು ಗಮನಿಸಬೇಕು. ನಾವೂ ಕೇಳಲು ಸಂಕೋಚಪಡಬಾರದು.