ಜಾಗದಡಿ ಕಲ್ಲಿದ್ದಲು ಉಂಟಂತೆ, ಬೆಲೆ ಎಷ್ಟು?

ಊರಿನ ಕುಟುಂಬದ ಜಾಗದಲ್ಲಿ ಬಾವಿ ತೋಡುವಾಗ ಕಪ್ಪು ಮಣ್ಣು ಬಂತು ಅಂತಿಟ್ಟುಕೊಳ್ಳಿ. "ಅಡಿಯಲ್ಲಿ ಕಲ್ಲಿದ್ದಲು ಉಂಟು, ಕೋಟಿ ಸಿಗ್ತದೆ" ಅಂತ ಬ್ರೋಕರು ಕ್ಯಾಂಪ್‌ಬೆಲ್‌ನಲ್ಲಿ ದುಡಿಯುವ ಮಗನಿಗೂ ಫೋನ್ ಮಾಡ್ತಾನೆ. ಆಗ ಏನು ಮಾಡಬೇಕು?

ಮೊದಲು ಒಂದು ಮಾತು: ಕಲ್ಲಿದ್ದಲು ಇದ್ದ ಮಾತ್ರಕ್ಕೆ ದುಡ್ಡು ಇದ್ದಂತಲ್ಲ. ನಾವಿರುವ ಈ ಬೇ ಏರಿಯಾದಲ್ಲೇ, ಆಂಟಿಯೋಕ್ ಪಕ್ಕದ ಗುಡ್ಡಗಳಲ್ಲಿ 1860ರ ದಶಕದಿಂದ ಸುಮಾರು 40 ಲಕ್ಷ ಟನ್ ಕಲ್ಲಿದ್ದಲು ತೆಗೆದಿದ್ದಾರೆ. ನಾರ್ಟನ್‌ವಿಲ್, ಸೋಮರ್ಸ್‌ವಿಲ್ ಎಂಬ ಊರುಗಳೇ ಹುಟ್ಟಿದವು. ಆದರೆ ಆ ಕಲ್ಲಿದ್ದಲು ಕೆಳದರ್ಜೆಯದ್ದು. ತೆಗೆಯುವ ಖರ್ಚು ಏರಿತು, ವಾಷಿಂಗ್ಟನ್ ಕಡೆ ಒಳ್ಳೆಯದು ಸಿಕ್ಕಿತು. ಗಣಿ ಮುಚ್ಚಿತು, ಊರು ಖಾಲಿಯಾಯ್ತು. ಈಗ ಅಲ್ಲಿ ಉಳಿದಿರುವುದು ಒಂದು ಸ್ಮಶಾನ ಮತ್ತು ಉದ್ಯಾನ.

ನಮ್ಮ ಕರ್ನಾಟಕದಲ್ಲಂತೂ ಕಲ್ಲಿದ್ದಲು ಗಣಿಯೇ ಇಲ್ಲ. ರಾಯಚೂರಿನ ವಿದ್ಯುತ್ ಸ್ಥಾವರಕ್ಕೂ ಹೊರರಾಜ್ಯದಿಂದ ರೈಲಿನಲ್ಲಿ ಬರಬೇಕು. ಕರಾವಳಿಯಲ್ಲಿ ಅಗೆದರೆ ಸಿಗುವುದು ಹೆಚ್ಚಾಗಿ ಕೆಂಪು ಕಲ್ಲು.

ಮಲಬಾರಿನ ಜಾಗಗಳ ಒಂದು ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟು, ನೆಲದಡಿಯ ಖನಿಜವೂ ಸಾಮಾನ್ಯವಾಗಿ ಜಾಗದ ಒಡೆಯನದ್ದೇ ಅಂತ ಹೇಳಿದೆ, ಸರಿ. ಆದರೆ ಅಗೆಯಲು ಸರ್ಕಾರದ ಅನುಮತಿ ಬೇಕೇ ಬೇಕು. ಕಲ್ಲಿದ್ದಲಿನ ಜಾಗವನ್ನು ಸರ್ಕಾರವೇ ವಶಪಡಿಸಿಕೊಳ್ಳಲು 1957ರ ಕಾನೂನು ಉಂಟು.

ಹಾಗಾಗಿ ಭೂವಿಜ್ಞಾನಿ ಕೊರೆದು ನೋಡಿ ಪದರದ ದಪ್ಪ, ಆಳ, ದರ್ಜೆ ಬರೆದುಕೊಡುವ ತನಕ ಬೆಲೆಯ ಮಾತೇ ಬೇಡ. ಅಲ್ಲಿವರೆಗೆ ಯಾರಿಗೂ ಪವರ್ ಆಫ್ ಅಟಾರ್ನಿ ಕೊಡಬೇಡಿ, ಮುಂಗಡ ಮುಟ್ಟಬೇಡಿ. ಆ ಜಾಗದಲ್ಲಿ ಅಕ್ಕತಂಗಿಯರ ಪಾಲೂ ಉಂಟು, ಅವರನ್ನು ಕೇಳದೆ ಸಹಿ ಹಾಕುವುದು ಸರಿಯಲ್ಲ. ಇಲ್ಲದ ಕಲ್ಲಿದ್ದಲಿಗಾಗಿ ಇರುವ ತೋಟ ಕಳೆದುಕೊಳ್ಳಬೇಡಿ.