ಶೆಡ್ಡಿನಲ್ಲಿರೋ ಪದ್ಮಿನಿ

ಅಪ್ಪನ ಪ್ರೀಮಿಯರ್ ಪದ್ಮಿನಿ ಸರಿಮಾಡಿಸಿ ಓಡಿಸ್ತೀನಿ ಅಂತ ಶುರುಮಾಡಿ ಒಂಬತ್ತು ವರ್ಷ ಆಯ್ತು. 1089 ಸಿಸಿ ಇಂಜಿನ್ನು, ಸ್ಟೀರಿಂಗ್ ಪಕ್ಕದಲ್ಲೇ ಗೇರು... ಈ ಗುಣಗಾನ ಕೇಳಿ ಕೇಳಿ ನಿಮಗೂ ಸಾಕಾಗಿರಬೇಕು. ಇಂಜಿನ್ ಬಿಚ್ಚಿ ಕಟ್ಟಿಸೋ ಹೊತ್ತಿಗೆ ತಳ ತುಕ್ಕು ಹಿಡಿದಿತ್ತು. ತಳಕ್ಕೆ ತಗಡು ವೆಲ್ಡಿಂಗ್ ಮಾಡಿಸಿದೆ, ನಿಂತಲ್ಲೇ ನಿಂತು ಬ್ರೇಕ್ ಜಾಮ್ ಆಯ್ತು. ಹೋದ ಯುಗಾದಿಯಿಂದ ಹೊದಿಕೆ ಸರಿಸಿ ನೋಡೋಕೂ ಮನಸ್ಸಿಲ್ಲ.

ಪಾರ್ಟ್ಸ್ ಸಿಗಲ್ಲ ಅಂತ ಎಲ್ಲರ ಹತ್ರ ಹೇಳ್ಕೊಂಡು ಬಂದೆ. ಸುಳ್ಳು, ಹುಡುಕಿದ್ರೆ ಸಿಗುತ್ತೆ. ನನಗೆ ಬೇಕಿದ್ದದ್ದು ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ರೌಂಡು. ಅಪ್ಪ ಹೋಗಿ ಮೂರು ವರ್ಷ.

2023ರ ಅಕ್ಟೋಬರಿನಲ್ಲಿ ಮುಂಬೈನ ಪದ್ಮಿನಿ ಟ್ಯಾಕ್ಸಿಗಳು ನಿಂತಾಗ 'ಇಂಥವನ್ನ ಉಳಿಸ್ಕೋಬೇಕು' ಅಂತ ನಾನೂ ಜೋರಾಗಿ ಹೇಳಿದ್ದೆ. ಶೆಡ್ಡಿನಲ್ಲಿ ತುಕ್ಕು ಹಿಡಿಸೋದು ಉಳಿಸಿಕೊಳ್ಳೋದು ಹೇಗಾಗುತ್ತೆ ಹೇಳಿ? ಓಡಿಸೋರಿಗೆ ಕೊಟ್ಟುಬಿಡೋದೇ ಸರಿ.

ಅಮ್ಮನಿಗೆ ಮಾತ್ರ ಇನ್ನೂ ಹೇಳಿಲ್ಲ.